ನಗುವ ದಳವಾಯಿಯ ಒಳಂಗಿ

ಬನ್ನಿ, ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ಕೂತವರಿಗೆ ಕತ್ತೆಯ ಮಾತು ಸರಿಯಾಗಿ ಕೇಳಿಸೋದಿಲ್ಲ. ಈ ಕಥೆಯಲ್ಲಿ ಕತ್ತೆ ಬಹಳ ಮಾತಾಡುತ್ತೆ.

ತುಂಬೆನಾಡು ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಉಲ್ಲಾಸರಾಯ ಅಂತ ಒಬ್ಬ ದೊರೆ. ದೊರೆಗೆ ನಗು ಅಂದರೆ ಪ್ರಾಣ. ಸಪ್ಪೆ ಮೋರೆ ಕಂಡರೆ ಮೈಯೆಲ್ಲ ಉರಿ. ಅದಕ್ಕೇ ಅರಮನೆಯ ಹೆಬ್ಬಾಗಿಲಲ್ಲಿ ಆಳೆತ್ತರದ ಕನ್ನಡಿ ನಿಲ್ಲಿಸಿದ್ದ. ಒಳಗೆ ಬರುವವರೆಲ್ಲ ಅದರ ಮುಂದೆ ನಿಂತು ಹಲ್ಲು ಕಿರಿಯಬೇಕು. ಕಾವಲುಗಾರ "ಹೂಂ, ಸಾಕು" ಅಂದಮೇಲೇ ಒಳಗೆ ಹೆಜ್ಜೆ ಇಡಬೇಕು. ಹಲ್ಲುನೋವು ಇದ್ದವರೂ ಕಿರಿಯಬೇಕು. ಹಲ್ಲೇ ಇಲ್ಲದ ಮುದುಕರು ವಸಡು ತೋರಿಸಿದರೆ ನಡೆಯುತ್ತಿತ್ತು.

ಇಂಥ ದೊರೆಗೆ ತಕ್ಕ ದಳವಾಯಿ ಹಂಪಣ್ಣ. ದಳವಾಯಿ ಅಂದರೆ ಸೈನ್ಯಕ್ಕೆಲ್ಲ ಹಿರಿಯ. ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಅಂಥ ಆಳು. ಮೂರು ಯುದ್ಧ ಮಾಡಿದ್ದ, ಮೂರನ್ನೂ ಗೆದ್ದಿದ್ದ. ಮೊದಲನೇ ಯುದ್ಧದಲ್ಲಿ ಶತ್ರುಗಳ ಮೇಲೆ ಹೆಜ್ಜೇನು ಬಿಟ್ಟ. ಅವರು ಬಿದ್ದು ಎದ್ದು ಓಡಿದರು. ಎರಡನೇ ಯುದ್ಧದಲ್ಲಿ ಶತ್ರುಗಳ ಬೀಡಿಗೆ ಕೆರೆಯ ನೀರು ತಿರುಗಿಸಿದ. ಅವರು ಪಾತ್ರೆ ಪಡಗ ಸಮೇತ ತೇಲಿಹೋದರು. ಮೂರನೇ ಯುದ್ಧದಲ್ಲಿ ಏನೂ ಮಾಡಲಿಲ್ಲ. ಕೋಟೆಯ ಮೇಲೆ ನಿಂತು ಒಂದೇ ಒಂದು ಸಲ ನಕ್ಕ. "ಹಹ್ಹಹ್ಹಾ!" ಶತ್ರುಗಳ ಆನೆಗಳು ಗುಡುಗು ಅಂದುಕೊಂಡು ಗಕ್ಕನೆ ಹಿಂದಕ್ಕೆ ತಿರುಗಿದವು. ಆನೆಗಳ ಹಿಂದೆ ನಿಂತಿದ್ದವರು ಶತ್ರುಗಳೇ. ಮುಗಿಯಿತು ಯುದ್ಧ.

ಅವತ್ತಿನಿಂದ ತುಂಬೆನಾಡಿನಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲ ಹಂಪಣ್ಣಂದಿರೇ. ಬೀದಿಯಲ್ಲಿ ನಿಂತು "ಹಂಪಣ್ಣಾ" ಅಂತ ಕೂಗಿದರೆ ನಲವತ್ತು ಮನೆಯ ಬಾಗಿಲು ತೆರೆಯುತ್ತಿತ್ತು.

ಆ ಊರಿನ ಹೊಳೆದಂಡೆಯಲ್ಲಿ ಮಡಿವಾಳರ ಸಂಕವ್ವ ಇದ್ದಳು. ಅರಮನೆಯ ಬಟ್ಟೆ ಒಗೆಯುವುದು ಅವಳ ಕಸುಬು. ಬಟ್ಟೆಯ ಗಂಟು ಹೊರುವುದು ಅವಳ ಹೆಣ್ಣುಕತ್ತೆ ರಂಭೆಯ ಕಸುಬು. ಆ ಕಾಲದಲ್ಲಿ ಕತ್ತೆಗಳು ಮಾತಾಡುತ್ತಿದ್ದವು. ಈಗಲೂ ಮಾತಾಡುತ್ತವೆ, ಆದರೆ ಹೆಚ್ಚಾಗಿ ದೊಡ್ಡ ದೊಡ್ಡ ಸಭೆಗಳಲ್ಲಿ. ರಂಭೆಯ ಮಾತು ಅರ್ಥವಾಗುತ್ತಿದ್ದದ್ದು ಸಂಕವ್ವನಿಗೆ ಮಾತ್ರ.

ಒಂದು ವಾರ ಸಂಕವ್ವ ದಳವಾಯಿಯ ಗಂಟು ಬಿಚ್ಚಿದಳು. ದಿಂಬಿನ ಗವಸು ಕೈಗೆತ್ತಿಕೊಂಡಳು. ಅದರ ಮೇಲೆ ಬೆಳ್ಳಗೆ ಉಪ್ಪಿನ ಕಲೆ.

"ಬೆವರಿರಬೇಕು. ದಪ್ಪ ಆಳು, ಬೆವರದೆ ಇರ್ತಾನಾ?" ಅಂದಿತು ರಂಭೆ.

"ಬೆವರಾದರೆ ತಲೆ ಇಡೋ ನಡುಮಧ್ಯ ಇರಬೇಕಲ್ಲೇ. ಇದು ಎರಡೂ ಪಕ್ಕದಲ್ಲಿದೆ. ಆ ಕಡೆ ಮಗ್ಗಲಾಗಿ ಅತ್ತು, ಈ ಕಡೆ ಮಗ್ಗಲಾಗಿ ಅತ್ತಿದಾರೆ," ಅಂದಳು ಸಂಕವ್ವ.

"ಆನೆ ಓಡಿಸಿದ ದಳವಾಯಿ ಅಳ್ತಾನಾ? ನಾನು ಕುದುರೆ ಅಂದಹಾಗಾಯ್ತು!" ಅಂತ ರಂಭೆ ಹ್ಹೀ ಹ್ಹೀ ಎಂದು ನಕ್ಕು ಹೊಳೆಗೆ ಒದ್ದಿತು. ಸಂಕವ್ವ ಸುಮ್ಮನೆ ಗವಸು ಒಗೆದಳು.

ಎರಡನೇ ವಾರ ನಿಲುವಂಗಿಯ ತೋಳು ಕೊಡವಿದಳು. ತೋಳಿನೊಳಗಿಂದ ಬಾಳೆಲೆಯಲ್ಲಿ ಮಡಿಸಿದ ಹೋಳಿಗೆ ಬಿತ್ತು. ಇನ್ನೊಂದು ತೋಳಿನಿಂದ ಇನ್ನೆರಡು. ಒಂದನ್ನೂ ಕಚ್ಚಿರಲಿಲ್ಲ. ದೊರೆಯ ಪಂಕ್ತಿಯಲ್ಲಿ ಕೂತು ತಿಂದಹಾಗೆ ಮಾಡಿ, ತೋಳಿಗೆ ತುರುಕಿಕೊಂಡು ಬಂದಿದ್ದ.

"ನನಗೆ ಅಂತ ಇಟ್ಟಿರಬೇಕು," ಅಂತ ರಂಭೆ ಮೂರನ್ನೂ ತಿಂದಿತು. ಬಾಳೆಲೆಯನ್ನೂ ತಿಂದಿತು. ಆಮೇಲೆ ಬಾಯಿ ಒರೆಸಿಕೊಂಡು, "ಆದರೂ ಸಂಕವ್ವ, ಹೋಳಿಗೆ ಬಿಟ್ಟ ಅಂದರೆ ಏನೋ ಆಗಿದೆ ಕಣೇ," ಅಂದಿತು.

ಮೂರನೇ ವಾರದ ಗಂಟಿನಲ್ಲಿ ಏಳು ನಿಲುವಂಗಿ ಇದ್ದವು. ದಿನಕ್ಕೊಂದು, ಜರಿಯದ್ದು, ಅತ್ತರು ಘಮಘಮ. ಆದರೆ ಒಳಂಗಿ ಒಂದೇ ಒಂದು. ಏಳೂ ದಿನ ಮೈಮೇಲೆ ಅದೇ ಇದ್ದದ್ದು. ಬೆವರಿಗೆ ಸೆಟೆದು, ಕುತ್ತಿಗೆಯ ಹತ್ತಿರ ಕಪ್ಪಾಗಿ, ಸ್ನಾನ ಕಾಣದ ಮೈಯ ವಾಸನೆ. ಹೊರಗಿನದು ಊರಿಗೆ ಕಾಣುತ್ತೆ ಅಂತ ದಿನವೂ ಬದಲಾಯಿಸಿದ್ದ. ಒಳಗಿನದು ಯಾರಿಗೆ ಕಾಣಬೇಕು?

ಸಂಕವ್ವ ಆ ಒಳಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ಕೂತಳು. ಅವಳಿಗೆ ತಂಗಿ ಚೆನ್ನಿ ನೆನಪಾದಳು. ಇಪ್ಪತ್ತು ವರ್ಷದ ಹಿಂದೆ ಚೆನ್ನಿಯೂ ನಗುನಗುತ್ತಲೇ ಇದ್ದಳು. ಒಂದು ದಿನ ತನ್ನ ಬಳೆ, ಸೀರೆ, ಕುಂಕುಮದ ಭರಣಿ ಎಲ್ಲವನ್ನೂ ಕೇರಿಯ ಹೆಣ್ಣುಮಕ್ಕಳಿಗೆ ಹಂಚಿದಳು. 'ಯಾಕೇ ಚೆನ್ನಿ?' ಅಂತ ಕೇಳಬೇಕು ಅನ್ನಿಸಿತ್ತು ಸಂಕವ್ವನಿಗೆ. ಕೆಲಸ ಇತ್ತು, ಕೇಳಲಿಲ್ಲ. ಮಾರನೇ ದಿನ ಕೇಳೋಣ ಅಂದರೆ ಚೆನ್ನಿ ಇರಲಿಲ್ಲ.

"ನಡಿಯೇ ರಂಭೆ, ಯಾರಿಗಾದರೂ ಹೇಳಬೇಕು," ಅಂತ ಸಂಕವ್ವ ಎದ್ದಳು.

ಮೊದಲು ಹೆಬ್ಬಾಗಿಲ ಕಾವಲುಗಾರನಿಗೆ ಹೇಳಿದಳು. ಅವನು ಮೀಸೆ ತಿರುವಿ, "ದಳವಾಯಿಗಳಿಗೆ ದುಃಖವಾ? ದಿನಾ ಈ ಕನ್ನಡಿ ಮುಂದೆ ಎಲ್ಲರಿಗಿಂತ ದೊಡ್ಡದಾಗಿ ನಗೋರು ಅವರೇ. ಅವರಿಗೇನವ್ವ ಕಡಿಮೆ?" ಅಂದ.

ಅಲ್ಲಿಂದ ಅರಮನೆಯ ಪಂಡಿತರ ಹತ್ತಿರ ಹೋದಳು. ಔಷಧ ಅರೆಯುತ್ತಿದ್ದ ಪಂಡಿತರು ತಲೆಯನ್ನೂ ಎತ್ತದೆ, "ಕಲ್ಲು ತಿಂದು ಕರಗಿಸೋ ಮೈಕಟ್ಟು. ಅವರ ನಾಡಿ ನಾನು ಹಿಡಿಯೋದೇ ಬೇಡ, ಬೀದಿಯಲ್ಲಿ ನಿಂತರೆ ಕೇಳಿಸುತ್ತೆ. ಅವರಿಗೇನಮ್ಮ ಕಡಿಮೆ?" ಅಂದರು.

ಕೊನೆಗೆ ಅರಮನೆಯ ಪಾರುಪತ್ಯಗಾರ ಸಿಂಗಪ್ಪಯ್ಯನ ಹತ್ತಿರ ಹೋದಳು. ಹೋಗಬಾರದಿತ್ತು. ಅರಮನೆಯ ಉಸ್ತುವಾರಿಯೆಲ್ಲ ಅವನದೇ. ಆದರೆ ಅವನ ಕಣ್ಣು ಬಹಳ ದಿನದಿಂದ ದಳವಾಯಿಯ ಕತ್ತಿಯ ಮೇಲೆ. ಯುದ್ಧ ಮಾಡಲಿಕ್ಕಲ್ಲ, ಸೊಂಟಕ್ಕೆ ಕಟ್ಟಿಕೊಂಡು ಬೀದಿಯಲ್ಲಿ ತಿರುಗಲಿಕ್ಕೆ.

"ಅಳ್ತಾನಾ? ಊಟ ಬಿಟ್ಟಿದಾನಾ? ಸ್ನಾನವೂ ಇಲ್ವಾ? ಅಯ್ಯೋ ಪಾಪ, ಅವನಿಗೇನೇ ಕಡಿಮೆ!" ಅಂದ ಸಿಂಗಪ್ಪಯ್ಯ. ಬಾಯಲ್ಲಿ ಪಾಪ ಅಂದರೂ ಅವನ ಕಾಲು ಕುಣಿಯುತ್ತಿದ್ದದ್ದನ್ನು ರಂಭೆ ಕಿಟಕಿಯಿಂದ ನೋಡಿತು.

ಶುಕ್ರವಾರ ಬೆಳಗ್ಗೆ ಹೊಳೆದಂಡೆಗೆ ದಳವಾಯಿ ಹಂಪಣ್ಣನೇ ಬಂದ. ಆಳಿಲ್ಲ, ಕುದುರೆ ಇಲ್ಲ. ಹೆಗಲ ಮೇಲೆ ದೊಡ್ಡ ಗಂಟು.

"ಸಂಕವ್ವ, ಇದರಲ್ಲಿ ನನ್ನ ಬಟ್ಟೆಯೆಲ್ಲ ಇದೆ. ಒಗೆದು ವಾಪಸು ತರೋದು ಬೇಡ. ನಿನ್ನ ಕೇರಿಯವರಿಗೆ ಹಂಚಿಬಿಡು. ನನಗಿನ್ನು ಬೇಕಾಗೋದಿಲ್ಲ," ಅಂದ. ಅಂದು, "ಹಹ್ಹಹ್ಹಾ" ಅಂತ ನಕ್ಕ.

ಸಂಕವ್ವನ ಕೈಲಿದ್ದ ಬಟ್ಟೆ ಹೊಳೆಯಲ್ಲಿ ತೇಲಿಹೋಯಿತು. ಅದು ರಾಣಿಯವರ ಸೀರೆ. ಹೋಗಲಿ ಬಿಡು ಅಂತ ಅವಳು ಅದರ ಕಡೆ ನೋಡಲೂ ಇಲ್ಲ. ತಾನು ಬಟ್ಟೆ ಒಗೆಯುವವಳು, ಅವನು ದಳವಾಯಿ. ಕೇಳಬಹುದೋ ಕೇಳಬಾರದೋ? ತಪ್ಪಾದರೆ ಕಸುಬು ಹೋಗುತ್ತೆ. ಕೇಳದಿದ್ದರೆ?

"ಬುದ್ಧೀ, ಒಂದು ಮಾತು ಕೇಳ್ತೀನಿ. ತಪ್ಪಾದರೆ ಹೊಡೆದುಬಿಡಿ. ಸತ್ತುಹೋಗಬೇಕು ಅನ್ನಿಸ್ತಿದೆಯಾ ನಿಮಗೆ?"

ಹಂಪಣ್ಣ ಅಭ್ಯಾಸಬಲದಿಂದ ಬಾಯಿ ತೆರೆದ. "ಹಹ್ಹ..." ಅಷ್ಟೇ. ಮೂರು ಯುದ್ಧ ಗೆದ್ದ ಆಳು ಬಟ್ಟೆ ಒಗೆಯುವ ಬಂಡೆಯ ಮೇಲೆ ಕುಸಿದು ಕೂತ.

"ಯಾರು ಹೇಳಿದರು ನಿನಗೆ?"

"ನಿಮ್ಮ ಒಳಂಗಿ ಹೇಳ್ತು."

"ಯಾಕೆ ಅಂತ ಮಾತ್ರ ಕೇಳಬೇಡ ಸಂಕವ್ವ. ನನಗೇ ಗೊತ್ತಿಲ್ಲ. ಬೆಳಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಯಾರೋ ಕೂತಹಾಗಿರುತ್ತೆ. ಅನ್ನ ಬಾಯಿಗಿಟ್ಟರೆ ಮಣ್ಣು. ಜನ ಜೈ ಅಂದರೆ ನನ್ನ ಹಿಂದೆ ಇರೋ ಇನ್ಯಾರಿಗೋ ಅಂತಿದಾರೆ ಅನ್ನಿಸುತ್ತೆ. ಎಲ್ಲಾ ಇದೆ ನನಗೆ. ಎಲ್ಲಾ ಇದ್ದೂ ಹೀಗಿದೀನಲ್ಲ ಅಂತ ನಾಚಿಕೆ. ದುಃಖಾನಾದರೂ ಹೊತ್ತುಕೋಬಹುದು, ಈ ನಾಚಿಕೆ ಹೊರೋಕಾಗಲ್ಲ."

ಸಂಕವ್ವ 'ಧೈರ್ಯ ತಗೊಳ್ಳಿ' ಅನ್ನಲಿಲ್ಲ. 'ಎಲ್ಲಾ ಸರಿಹೋಗುತ್ತೆ' ಅನ್ನಲಿಲ್ಲ. 'ನಿಮಗೇನು ಕಡಿಮೆ' ಅಂತೂ ಅನ್ನಲೇ ಇಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಅವನು ಅತ್ತ. ಹೆಗಲು ಕುಲುಕುವ ಹಾಗೆ ಅತ್ತ. ಅಳು ಮುಗಿಯುವವರೆಗೂ ಕೂತೇ ಇದ್ದಳು.

ಆಮೇಲೆ ಹಂಪಣ್ಣ ಎದ್ದು ಹೊರಟ. ಹೊರಟರೆ ಶಲ್ಯ ಬರಲಿಲ್ಲ. ತಿರುಗಿ ನೋಡಿದರೆ ಅದರ ತುದಿಯ ಮೇಲೆ ರಂಭೆ ದಡಾರನೆ ಕೂತುಬಿಟ್ಟಿತ್ತು. ಹಂಪಣ್ಣ ಎಳೆದ, ಕತ್ತೆ ಅಲುಗಲಿಲ್ಲ. ತಳ್ಳಿದ, ಅಲುಗಲಿಲ್ಲ. ಎತ್ತಲು ಹೋದ, ರಂಭೆ ಕಾಲು ನಾಲ್ಕನ್ನೂ ಚಾಚಿ ಮಲಗಿಕೊಂಡಿತು.

"ಏನಂತಿದೆ ಇದು?"

"'ನಮ್ಮ ಮನೇಲಿ ಗಂಜಿ ಕುಡಿಯದೆ ಹೋಗೋದು ಹ್ಯಾಗೆ' ಅಂತಿದೆ ಬುದ್ಧಿ," ಅಂದಳು ಸಂಕವ್ವ. ರಂಭೆ ಅಂದದ್ದು ಅದಕ್ಕಿಂತ ಒರಟಾಗಿತ್ತು. ಅದನ್ನು ಮಕ್ಕಳ ಮುಂದೆ ಹೇಳಬಾರದು.

ಹೀಗೆ ದಳವಾಯಿ ಸಂಕವ್ವನ ಗುಡಿಸಲಿಗೆ ಬಂದ. ಸಂಕವ್ವ ಅವನ ಸೊಂಟದ ಕತ್ತಿ ಬಿಚ್ಚಿಸಿ, ಒಯ್ದು ಪಕ್ಕದ ಮನೆಯಲ್ಲಿ ಇಟ್ಟಳು. ಮಧ್ಯಾಹ್ನ ಪಂಡಿತರನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು. ಪಂಡಿತರು ಈ ಸಲ ತಲೆ ಎತ್ತಿ ನೋಡಿದರು. ಗುಳಿಬಿದ್ದ ಕಣ್ಣು ನೋಡಿದರು, ನಾಲ್ಕು ಬೆರಳು ಸಡಿಲವಾದ ನಡುಕಟ್ಟು ನೋಡಿದರು, ಕೇಳಿದ ಪ್ರಶ್ನೆಗೆ ಎಷ್ಟೋ ಹೊತ್ತಿನ ಮೇಲೆ ಬರುವ ಉತ್ತರ ಕೇಳಿದರು. "ಇದು ಕಾಯಿಲೆ ದಳವಾಯಿಗಳೇ. ಮಲೆಜ್ವರ ಹೇಗೆ ಕಾಯಿಲೆಯೋ ಹಾಗೇ ಇದೂ. ಔಷಧ ಇದೆ, ದಿನ ಹಿಡಿಯುತ್ತೆ. ಒಂಟಿಯಾಗಿ ಮಾತ್ರ ಇರಬಾರದು," ಅಂದರು. ಸಂಕವ್ವನ ಕಡೆ ತಿರುಗಿ, "ಮೊದಲೇ ಎದ್ದು ಬರಬೇಕಿತ್ತಮ್ಮ, ತಪ್ಪಾಯಿತು," ಅಂದರು.

ಇತ್ತ ಸಿಂಗಪ್ಪಯ್ಯ ಸುಮ್ಮನಿದ್ದನೇ? ದೊರೆಯ ಕಿವಿ ಕಚ್ಚುತ್ತಾ ಕೂತಿದ್ದ.

"ಮಹಾಸ್ವಾಮಿ, ದಳವಾಯಿ ಅಳ್ತಾನಂತೆ! ತಾವು ಕೊಟ್ಟ ಹೋಳಿಗೆ ಬಿಸಾಕ್ತಾನಂತೆ! ಇದಕ್ಕಿಂತ ಕೃತಘ್ನತೆ ಉಂಟೇ? ಸೋಮವಾರದ ಒಡ್ಡೋಲಗದಲ್ಲಿ ಮೂರು ಸಲ ನಗು ಅನ್ನಿ. ನಗದಿದ್ದರೆ ಕತ್ತಿ ಕಿತ್ತು ಗಡಿ ದಾಟಿಸಿ. ಕತ್ತಿ ಹೊರೋಕೆ ಈ ಬಡವ ಇದ್ದೇನೆ."

ದೊರೆಗೆ ಸಪ್ಪೆ ಮೋರೆ ಅಂದರೆ ಉರಿ ಅಂತ ಹೇಳಿದೆನಲ್ಲ. "ಆಗಲಿ," ಅಂದುಬಿಟ್ಟ.

ಶನಿವಾರ ಸಿಂಗಪ್ಪಯ್ಯ ತನ್ನ ರೇಷ್ಮೆ ನಿಲುವಂಗಿ ಹಿಡಿದುಕೊಂಡು ಹೊಳೆದಂಡೆಗೆ ಬಂದ. "ಏಯ್ ಸಂಕೀ, ಸೋಮವಾರ ಕತ್ತಿ ತಗೊಳ್ಳುವಾಗ ತೊಡೋದು ಇದನ್ನೇ. ಥಳಥಳ ಅನ್ನಬೇಕು. ನೀನೇ ಸಭೆಗೆ ತಂದುಕೊಡು. ದಳವಾಯಿ ಗಡಿ ದಾಟೋದನ್ನೂ ನೋಡಬಹುದು," ಅಂದು, ಇದ್ದದ್ದನ್ನೆಲ್ಲ ಕೊಚ್ಚಿಕೊಂಡು ಹೋದ.

ಗುಡಿಸಲ ಒಳಗಿನಿಂದ ಹಂಪಣ್ಣ ಕೇಳಿಸಿಕೊಂಡ. "ಹೋಗಲಿ ಬಿಡು ಸಂಕವ್ವ. ಕತ್ತಿ ಅವನೇ ಇಟ್ಕೊಳ್ಳಲಿ."

"ಕತ್ತಿ ಬೇಕಾದರೆ ಹೋಗಲಿ ಬುದ್ಧಿ. ಆದರೆ ಇವತ್ತು ಅತ್ತವರನ್ನ ಗಡಿ ದಾಟಿಸಿದರೆ, ನಾಳೆ ಈ ಊರಲ್ಲಿ ಇನ್ನೊಬ್ಬರು ಬಾಯಿ ಬಿಡ್ತಾರಾ?"

ಸಂಕವ್ವ ರೇಷ್ಮೆ ಅಂಗಿ ಒಗೆದಳು. ಒಗೆದು ಬೇಲಿಯ ಮೇಲೆ ಹರವಲು ಹೋದಳು. ಬೇಲಿಯ ತುಂಬ ನಸುಗುನ್ನಿಯ ಬಳ್ಳಿ. ನಸುಗುನ್ನಿ ನೋಡಿದ್ದೀರಾ? ಅದರ ಕಾಯಿಯ ಮೇಲೆ ಕಂದುಬಣ್ಣದ ಸಣ್ಣ ರೋಮ ಇರುತ್ತೆ, ನೋಡಲು ಬೆಣ್ಣೆಯ ಹಾಗೆ ನುಣುಪು. ಮೈಗೆ ತಾಗಿದರೆ ಮಾತ್ರ ಆಕಾಶಕ್ಕೆ ಹಾರಬೇಕು, ಅಂಥ ತುರಿಕೆ.

"ಅಲ್ಲಿ ಹಾಕಬೇಡ್ವೇ! ಹೋದ ವರ್ಷ ನಾನು ಅಲ್ಲಿ ಹೊರಳಾಡಿ ಮೂರು ಊರು ಓಡಿದ್ದು ಮರೆತೆಯಾ?" ಅಂತ ಕಿರುಚಿತು ರಂಭೆ.

ಸಂಕವ್ವ ರಂಭೆಯ ಮುಖ ನೋಡಿದಳು. ರಂಭೆ ಸಂಕವ್ವನ ಮುಖ ನೋಡಿತು. ಆಮೇಲೆ ಇಬ್ಬರೂ ಅಂಗಿಯ ಒಳಮೈ ನೋಡಿದರು.

ಸೋಮವಾರ ಒಡ್ಡೋಲಗ ಕಿಕ್ಕಿರಿದಿತ್ತು. ದಳವಾಯಿ ಬಂದು ನಿಂತ.

"ನಗು," ಅಂದ ದೊರೆ. ಹಂಪಣ್ಣ ಬಾಯಿ ತೆರೆದ. ಬರೀ ಗಾಳಿ ಬಂತು.

"ನಗು," ಅಂದ ದೊರೆ. ಎಣ್ಣೆ ಕಾಣದ ರಾಟೆ ತಿರುಗಿದಹಾಗೆ ಕಿರ್ ಅಂತ ಒಂದು ಸದ್ದು ಬಂತು.

"ನಗು!" ಅಂದ ದೊರೆ. ಹಂಪಣ್ಣನ ಕಣ್ಣಲ್ಲಿ ನೀರು ಬಂತು. "ಆಗುತ್ತಿಲ್ಲ ಮಹಾಸ್ವಾಮಿ. ಒಂದು ವರ್ಷದಿಂದ ಆಗುತ್ತಿಲ್ಲ. ಇಷ್ಟು ದಿನ ನಟಿಸಿದೆ," ಅಂದ.

ಸಭೆಯಲ್ಲಿ ಗುಜುಗುಜು ಎದ್ದಿತು. ಸಿಂಗಪ್ಪಯ್ಯ ಮುಂದೆ ನೆಗೆದ. "ನೋಡಿದಿರಾ? ಮೈಮೇಲೆ ಗಾಯ ಇಲ್ಲ, ಜ್ವರ ಇಲ್ಲ. ಮನೆ, ಮಾನ, ಹೆಸರು, ಎಲ್ಲಾ ಇದೆ. ಕಣ್ಣಿಗೆ ಕಾಣದ ನೋವು ನೋವೇ ಅಲ್ಲ! ಅವನಿಗೇನು ಕಡಿಮೆ?"

ದೊರೆ ತಲೆಯಾಡಿಸಿದ. ಸಂಕವ್ವನ ಪಕ್ಕದ ಮನೆಯಿಂದ ತರಿಸಿದ್ದ ಕತ್ತಿ ಸಿಂಗಪ್ಪಯ್ಯನ ಕೈಗೆ ಬಂತು. ಸಂಕವ್ವ ತಟ್ಟೆಯಲ್ಲಿ ರೇಷ್ಮೆ ಅಂಗಿ ತಂದಳು. ಸಿಂಗಪ್ಪಯ್ಯ ಗತ್ತಿನಿಂದ ತೊಟ್ಟುಕೊಂಡ. ಇನ್ನು ದೊರೆಯ ಎದುರಿಗೆ ಅಲುಗದೆ ನಿಂತು ಮೂರು ಮಾತಿನ ಪ್ರಮಾಣ ಮಾಡಬೇಕು.

"ದೊರೆಯ ಕತ್ತಿ ನನ್ನ ಕೈ..." ಅಂದ. ಬಲಗಡೆಯ ಹೆಗಲು ತಂತಾನೇ ಕುಣಿಯಿತು.

"ದೊರೆಯ ಮಾತು ನನ್ನ... ನನ್ನ... ಆಹ್!" ಅಂದ. ಎಡಗಾಲು ಬಲಗಾಲನ್ನು ಕೆರೆಯಿತು.

"ದೊರೆಯ ನಾಡು ನನ್ನ... ಅಯ್ಯಯ್ಯಯ್ಯಯ್ಯೋ!" ಕತ್ತಿ ಠಣ್ ಎಂದು ನೆಲಕ್ಕೆ ಬಿತ್ತು. ಸಿಂಗಪ್ಪಯ್ಯ ಗಾಳಿಯಲ್ಲಿದ್ದ. ಕಂಬಕ್ಕೆ ಬೆನ್ನು ಉಜ್ಜಿದ. ಮಂತ್ರಿಗಳ ಪೀಠಕ್ಕೆ ಉಜ್ಜಿದ. ಮಂತ್ರಿಗಳಿಗೇ ಉಜ್ಜಿದ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

ಸಂಕವ್ವ ಮುಂದೆ ಬಂದು ಕೈಮುಗಿದು ಕೇಳಿದಳು. "ಬುದ್ಧೀ, ಮೈಮೇಲೆ ರೇಷ್ಮೆ ಅಂಗಿ ಇದೆಯಲ್ಲ?"

"ಇದೆ! ಅಯ್ಯೋ!"

"ದಳವಾಯಿ ಪಟ್ಟ ಸಿಕ್ಕಿತಲ್ಲ?"

"ಸಿಕ್ಕಿತು! ಅಪ್ಪಪ್ಪಾ!"

"ದೊರೆಯೇ ಎದುರಿಗಿದಾರಲ್ಲ?"

"ಇದಾರೆ! ಕೆರೀರೋ ಯಾರಾದರೂ!"

"ಮತ್ತೆ ನಿಮಗೇನು ಕಡಿಮೆ? ನಗಿ."

"ನಗೋದು ಹ್ಯಾಗೇ!" ಅಂತ ಅರಚಿದ ಸಿಂಗಪ್ಪಯ್ಯ. "ಒಳಗೆ ಸಾಯ್ತಾ ಇದೀನಿ! ಹೊರಗಿನ ಅಂಗಿ ನೋಡಿದರೆ ಒಳಗಿನ ಉರಿ ನಿನಗೆ ಹ್ಯಾಗೆ ಗೊತ್ತಾಗುತ್ತೆ?"

ಸಭೆಯ ನಗು ಕತ್ತರಿಸಿದಹಾಗೆ ನಿಂತಿತು. ಎಲ್ಲರೂ ಮೆಲ್ಲಗೆ ಹಂಪಣ್ಣನ ಕಡೆ ತಿರುಗಿದರು.

"ಪಾರುಪತ್ಯಗಾರರು ಸರಿಯಾಗಿ ಹೇಳಿದರು ಮಹಾಸ್ವಾಮಿ," ಅಂದಳು ಸಂಕವ್ವ. "ಇವರ ಅಂಗಿಗೆ ನಸುಗುನ್ನಿ ಉಜ್ಜಿದ್ದು ನಾನೇ. ಇವರ ಉರಿ ಒಂದು ಗಳಿಗೆಯದು. ದಳವಾಯಿಗಳು ಒಂದು ವರ್ಷ ಅಂಥ ಉರಿ ಹೊತ್ತುಕೊಂಡು ನಿಮ್ಮ ಮುಂದೆ ನಕ್ಕಿದಾರೆ. ನನಗೆ ಶಿಕ್ಷೆ ಕೊಡಿ. ಅವರಿಗೆ ಮಾತ್ರ ಬೇಡ."

ದೊರೆ ಬಾಯಿ ತೆರೆಯುವ ಮೊದಲೇ ಒಬ್ಬ ಓಡಿದ್ದ. ಹಂಪಣ್ಣ! ಸಿಂಗಪ್ಪಯ್ಯನ ಅಂಗಿ ಪರ್ರನೆ ಹರಿದು ಕಿತ್ತು, ಅವನನ್ನು ಹೆಗಲ ಮೇಲೆ ಹೊತ್ತು, ನೇರವಾಗಿ ಅರಮನೆಯ ಕೊಟ್ಟಿಗೆಗೆ ಒಯ್ದು, ತಲೆಯಿಂದ ಕಾಲಿನವರೆಗೆ ಸಗಣಿ ಬಳಿದ. ನಸುಗುನ್ನಿಗೆ ಅದೇ ಮದ್ದು. "ಸ್ವಲ್ಪ ತಡೆದುಕೊಳ್ಳಿ, ಕಡಿಮೆಯಾಗುತ್ತೆ, ನಾನು ಇಲ್ಲೇ ಇದ್ದೀನಿ," ಅನ್ನುತ್ತಾ ಬಳಿದ. ಸಗಣಿಯ ನಡುವೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದ ಸಿಂಗಪ್ಪಯ್ಯ ಗೊಳೋ ಅಂತ ಅತ್ತ. ಈ ಸಲ ನಾಚಿಕೆಗೆ.

ಉಲ್ಲಾಸರಾಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ. ಆಮೇಲೆ ಹಂಪಣ್ಣನ ಹತ್ತಿರ ಹೋಗಿ, "ನನ್ನಿಂದಲೇ ನೀನು ಬಾಯಿ ಬಿಡಲಿಲ್ಲ, ಅಲ್ಲವೇ?" ಅಂತ ಕೇಳಿದ. ಹಂಪಣ್ಣ ತಲೆ ತಗ್ಗಿಸಿದ. ದೊರೆಯ ಕಣ್ಣೂ ತುಂಬಿತು. ನಗುವ ದೊರೆ ಅತ್ತದ್ದು ಅವತ್ತೇ ಮೊದಲು. ಅತ್ತಮೇಲೆ ಮೈ ಹಗುರವಾಯಿತು ಅಂತ ಆಮೇಲೆ ರಾಣಿಯವರ ಹತ್ತಿರ ಹೇಳಿಕೊಂಡನಂತೆ.

ಹೆಬ್ಬಾಗಿಲ ಕನ್ನಡಿ ಇಳಿಸಿದರು. ಸಿಂಗಪ್ಪಯ್ಯನ ಪಾರುಪತ್ಯ ಹೋಯಿತು. ಒಂದು ವರ್ಷ ಅರಮನೆಯ ಬಟ್ಟೆಗಂಟು ಅವನೇ ಹೊರಬೇಕು ಅಂತ ತೀರ್ಪಾಯಿತು. ರಂಭೆ ಅವನ ಹಿಂದೆ ಬರಿಗೈಯಲ್ಲಿ, ಅಂದರೆ ಬರೀ ಬೆನ್ನಿನಲ್ಲಿ, "ಬೇಗ ಬೇಗ, ಬಿಸಿಲೇರಿತು!" ಅಂತ ಬೈಯುತ್ತಾ ನಡೆಯುತ್ತಿತ್ತು. ಸಂಕವ್ವನಿಗೆ ಶಿಕ್ಷೆ ಆಗಲಿಲ್ಲ. ರಾಣಿಯವರ ಸೀರೆಯ ವಿಷಯ ಯಾರೂ ಕೇಳಲೂ ಇಲ್ಲ.

ಹಂಪಣ್ಣ ಮಾರನೇ ದಿನವೇ ಸರಿಹೋದ ಅಂದರೆ ಸುಳ್ಳು ಹೇಳಿದಹಾಗಾಗುತ್ತೆ. ಪಂಡಿತರ ಔಷಧ ಕುಡಿದ. ದಂಡಿನ ಅರ್ಧ ಭಾರ ಇನ್ನೊಬ್ಬರು ಹೊತ್ತರು. ದಿನಾ ಯಾರಾದರೊಬ್ಬರು ಬಂದು ಅವನ ಜೊತೆ ಕೂರುತ್ತಿದ್ದರು. ಕೆಲವು ದಿನ ಮಾತಾಡುತ್ತಿದ್ದ, ಕೆಲವು ದಿನ ಇಲ್ಲ. ನಾಲ್ಕು ದಿನ ಚೆನ್ನಾಗಿದ್ದರೆ ಎರಡು ದಿನ ಮತ್ತೆ ಕುಸಿಯುತ್ತಿದ್ದ. ಮಳೆಗಾಲ ಬಂತು, ಹೋಯಿತು. ಒಂದು ದಿನ ಅನ್ನಕ್ಕೆ ರುಚಿ ಬಂತು. ಇನ್ನೊಂದು ದಿನ ಮಧ್ಯಾಹ್ನದವರೆಗೆ ಗಾಢವಾಗಿ ನಿದ್ದೆ ಮಾಡಿದ.

ಸುಗ್ಗಿಯ ಹೊತ್ತಿಗೆ ಒಂದು ಒಡ್ಡೋಲಗ. ಪರದೇಶದ ರಾಯಭಾರಿಗಳೆಲ್ಲ ಕೂತಿದ್ದರು. ದೊರೆ ಎಲ್ಲರ ಎದುರಿಗೆ ಕೇಳಿದ, "ಹೇಗಿದ್ದೀರಿ ದಳವಾಯಿಗಳೇ?"

ಹಂಪಣ್ಣ ಒಂದು ಕ್ಷಣ ಯೋಚಿಸಿದ. "ಇವತ್ತು ಅಷ್ಟು ಚೆನ್ನಾಗಿಲ್ಲ ಮಹಾಸ್ವಾಮಿ," ಅಂದ.

ಯಾರೂ ನಗಲಿಲ್ಲ, ಯಾರೂ ಗುಜುಗುಟ್ಟಲಿಲ್ಲ. ದೊರೆ ಸಿಂಹಾಸನದಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು, "ಹಾಗಾದರೆ ಇಲ್ಲಿ ಬಂದು ಕೂತ್ಕೋ," ಅಂದ. ಹಂಪಣ್ಣ ಹೋಗಿ ಕೂತ. ಸಿಂಹಾಸನ ಇಕ್ಕಟ್ಟಾಯಿತು. ಒಡ್ಡೋಲಗ ನಡೆಯಿತು.

ಇಷ್ಟೇ ಮಕ್ಕಳೇ ಕಥೆ. ಇದರ ನೀತಿ ಏನು ಅಂದರೆ, ಗೆದ್ದವರಿಗೂ ನೋವಿರುತ್ತೆ, ಜೋರಾಗಿ ನಗುವವರಿಗೂ ಇರುತ್ತೆ. 'ಅವರಿಗೇನು ಕಡಿಮೆ' ಅನ್ನಬೇಡಿ. ಹತ್ತಿರ ಹೋಗಿ 'ಹೇಗಿದ್ದೀರಿ' ಅಂತ ಕೇಳಿ, ಉತ್ತರ ಬರುವವರೆಗೂ ಕೂತಿರಿ. ನೋವಿರುವುದು ನಿಮಗೇ ಆದರೆ, ನಾಚಿಕೊಳ್ಳದೆ ಒಬ್ಬರಿಗಾದರೂ ಹೇಳಿ. ನನ್ನ ಗಂಟಲು ಒಣಗಿತು, ಯಾರಾದರೂ ನೀರು ತನ್ನಿ. ನೀರು ಬರುವಷ್ಟರಲ್ಲಿ, ಪಕ್ಕದಲ್ಲಿ ಕೂತವರ ಕಡೆ ಒಂದು ಸಲ ತಿರುಗಿ ಕೇಳಿಬಿಡಿ.